ಹದಿನಾಲ್ಕು ಬೀಗದ ಕೈ, ಒಂದು ಮೊಳೆ

ಆದೋನಿಯಲ್ಲಿ ಹದಿನಾಲ್ಕು ಮನೆಗಳ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನಮ್ಮ ಸೋದರಮಾವ ಇದ್ದದ್ದು ಬಾಡಿಗೆ ಮನೆಯಲ್ಲಿ! ನಗಬೇಡಿ. ಆ ಹದಿನಾಲ್ಕೂ ಹೈದರಾಬಾದು, ಬೊಂಬಾಯಿ ಸೇರಿದ ಹತ್ತಿ ವ್ಯಾಪಾರಿಗಳವು. ಬಾಡಿಗೆದಾರರನ್ನು ಹುಡುಕುವುದು, ಸುಣ್ಣ ಬಳಿಸುವುದು, ಸೋರುವ ಮಾಳಿಗೆಗೆ ಮಣ್ಣು ಹಾಕಿಸುವುದು ಎಲ್ಲವನ್ನೂ ಇವನ ತಲೆಗೆ ಕಟ್ಟಿ ಹೋಗಿದ್ದರು. ಮಾವ ಎಲ್ಲಕ್ಕೂ "ನಮ್ಮ ಮನಿ" ಎನ್ನುತ್ತಿದ್ದ. ಹೆಣ್ಣು ಕೊಟ್ಟವರು ಆ ಮಾತು ನಂಬಿಯೇ ಕೆಟ್ಟರಂತೆ!

ಅವನ ಕಟ್ಟಳೆ ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು. ಚಹಾ ಕುಡಿಯುವ ನೆಪದಲ್ಲಿ ಬಾಡಿಗೆದಾರರ ಮನೆಗೆ ಹೋಗಿ ಗೋಡೆಯನ್ನೆಲ್ಲ ಅಂಗೈಯಿಂದ ಸವರುತ್ತಿದ್ದ.

"ಇದೇನಿದು ತೂತು?"

"ಇರಿವಿ ಗೂಡ್ರಿ."

"ಇರಿವಿ ಸುತ್ತಿಗಿ ತಂದಿದ್ವೇನು?"

ಒಮ್ಮೆ ಗುಂಟೂರು ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತರೊಬ್ಬರು "ಇಲ್ಲು ಉಂದಾ?" ಎಂದು ಕೇಳಿದರು. ತೆಲುಗಿನಲ್ಲಿ ಇಲ್ಲು ಎಂದರೆ ಮನೆ. ಮಾವನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಬಾಯಿ ತುಂಬ ಎಲೆಅಡಿಕೆ! ಕನ್ನಡದಲ್ಲೇ "ಇಲ್ಲ, ಇಲ್ಲ" ಎಂದುಬಿಟ್ಟ. ಅದು "ಇಲ್ಲು, ಇಲ್ಲು" ಎಂದು ಕೇಳಿಸಿ, ಎರಡು ಮನೆ ಇವೆಯೆಂದು ತಿಳಿದ ಪುಣ್ಯಾತ್ಮ ಜಟಕಾದಲ್ಲಿ ಹೆಂಡತಿ ಮಕ್ಕಳನ್ನೂ ಅತ್ತೆ ಮಾವನನ್ನೂ ಹೇರಿಕೊಂಡು ಬಂದ! ನಮ್ಮ ಮಾವ ಅಲೆದಾಡಿ ಒಂದು ಮನೆ ಹೊಂದಿಸಿ ಕೊಟ್ಟ, ಮೊಳೆ ಹೊಡೆಯುವುದಿಲ್ಲವೆಂದು ಅಷ್ಟೂ ಜನರಿಂದ ಆಣೆ ಹಾಕಿಸಿಕೊಂಡ ಮೇಲೆ.

ಪಾಪ, ನಮ್ಮ ಅತ್ತೆ! ಅವರ ಮದುವೆಯ ಫೋಟೋ ಇಪ್ಪತ್ತು ವರ್ಷ ಟ್ರಂಕಿನ ಮೇಲೆ ಗೋಡೆಗೊರಗಿ ನಿಂತಿತ್ತು.

"ಏನ್ರಿ, ಒಂದ ಮೊಳಿ ಹೊಡೀರಿ. ದಿನಾ ಬೆಕ್ಕು ನನ್ನ ಮಾರಿಗೆ ಬಾಲ ಬಡೀತೈತಿ."

"ಮಂದಿ ಗ್ವಾಡಿ ಅದು. ನಾನ ಹೊಡದ್ರ ಊರಿಗೆ ಏನು ಹೇಳ್ಲಿ?"

"ನಮ್ಮದು ಅನ್ನೂದು ಒಂದು ಗ್ವಾಡಿ ಸಾಯೂದ್ರೊಳಗ ನೋಡ್ತೀನೋ ಇಲ್ಲೋ," ಎಂದು ಅತ್ತೆ ಸೆರಗಿನಿಂದ ಫೋಟೋ ಒರೆಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಮಾವನ ಮೇಲೆ ಸಿಟ್ಟು ಬರುತ್ತಿತ್ತು.

ಕೊನೆಗೂ ಮಾವ ಊರಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ. ಗೃಹಪ್ರವೇಶದ ಮರುದಿನವೇ ಅತ್ತೆ ಅವನ ಕೈಗೆ ಸುತ್ತಿಗೆ ಕೊಟ್ಟಳು. ಮಾವ ಮೂರು ಸಲ ಎತ್ತಿದ, ಮೂರು ಸಲ ಇಳಿಸಿದ. ಏನು ಮಾಡಿದರೂ ಕೈ ಬರಲೊಲ್ಲದು!

"ಕೊಡ್ರಿಲ್ಲಿ," ಎಂದು ಅತ್ತೆಯೇ ಸುತ್ತಿಗೆ ಇಸಿದುಕೊಂಡಳು. ಮೊದಲ ಪೆಟ್ಟು ಬೀಳುವಷ್ಟರಲ್ಲಿ ಮಾವ ಮಾಯ!

ಹೊರಗೆ ಬಂದು ನೋಡುತ್ತೇನೆ, ಮನೆಯ ಹಿಂದೆ ಉರಿಬಿಸಿಲಲ್ಲಿ ಅದೇ ಗೋಡೆಗೆ ಎರಡೂ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಾನೆ.

"ಏನು ಮಾಮಾ ಇದು?"

"ಒಳಗ ಪೆಟ್ಟು ಬೀಳಾಕತ್ತಾವಲ್ಲೋ. ಅದಕ್ಕ ಹಿಡಕೊಂಡೀನಿ."

ಫೋಟೋ ನೇತಾಡಿದ ಮೇಲೆ ಒಳಗೆ ಬಂದ. ಬಹಳ ಹೊತ್ತು ನೋಡಿದ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಅತ್ತೆಗೆ ಹೇಳಿದ:

"ಏ, ಇನ್ನೊಂದು ಹೊಡಿ."

"ಯಾತಕ್ರಿ? ಫೋಟೋ ಒಂದ ಐತಿ."

"ಸುಮ್ನ ಹೊಡಿ. ನಮ್ಮ ಮನಿ."