ನನಗೆ ನಾನೇ ಕೊಟ್ಟುಕೊಂಡ ತೊಂಬತ್ತೊಂದು ಮಾರ್ಕು

ಇಂಗ್ಲಿಷ್ ಕಲಿಯಲು ಮಾಸ್ತರರು ಬೇಕೇ ಬೇಕು ಎನ್ನುವುದು ಮಾಸ್ತರರೇ ಹುಟ್ಟಿಸಿದ ಸುದ್ದಿ ಎಂದು ನಾನು ದೃಢವಾಗಿ ನಂಬಿದ್ದೆ. ಇದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ದಾಂಡೇಲಿಯಲ್ಲಿ ಒಬ್ಬ ಬಿಳಿಯ ಸಾಹೇಬರ ಕಟ್ಟಿಗೆ ಡಿಪೋ ಇತ್ತು. ಅಲ್ಲಿ ನಾನು ಕನ್ನಡ ಕಾರಕೂನ. ಇಂಗ್ಲಿಷ್ ಬಂದರೆ ಮೇಲಿನ ಜಾಗ ಸಿಗುವಂತಿತ್ತು. ಧಾರವಾಡದಿಂದ ಪುಸ್ತಕ ತರಿಸಿದೆ. ಗುರುವಿಲ್ಲದೆ ಕಲಿಯುವವರು ವಾರಕ್ಕೊಮ್ಮೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳತಕ್ಕದ್ದು ಎಂದು ಅದರ ಕೊನೆಯ ಪುಟದಲ್ಲಿತ್ತು.

ಪ್ರತಿ ರವಿವಾರ ಮುಂಜಾನೆ ಸ್ನಾನ ಮಾಡಿ, ಕೋಟು ತೊಟ್ಟು, ಪಡಸಾಲೆಯಲ್ಲಿ ಪರೀಕ್ಷೆಗೆ ಕೂಡುತ್ತಿದ್ದೆ. ನಕಲು ನಡೆಯದಂತೆ ಹೆಂಡತಿ ಗಂಗವ್ವನನ್ನು ಕಾವಲಿಗೆ ನೇಮಿಸಿದ್ದೆ. ಅವಳು ಮೆಂತ್ಯ ಪಲ್ಲೆ ಸೋಸುತ್ತ ಎದುರಿಗೆ ಕೂಡುತ್ತಿದ್ದಳು. ಎರಡನೆಯ ವಾರವೇ ನಾನು ಸಿಕ್ಕಿಬಿದ್ದೆ!

"ತೊಡಿ ಕೆಳಗ ಪುಸ್ತಕ ಇಟ್ಟೀರಲ್ರೀ!"

"ಒಂದ ಶಬ್ದ ತಾಳೆ ನೋಡಿದ್ನೇ."

"ಅದಕ್ಕ ನಕಲು ಅಂತಾರ್ರೀ."

ಶಿಸ್ತಿನ ಕ್ರಮವಾಗಿ ನನಗೆ ನಾನೇ ಐದು ಮಾರ್ಕು ಕಡಿದೆ. ಆದರೂ ಮೂರು ತಿಂಗಳಲ್ಲಿ ತೊಂಬತ್ತೊಂದಕ್ಕೆ ಏರಿದೆ. ಗಂಗವ್ವನಿಗೆ ಸಂಶಯ ಬಂತು.

"ಪ್ರಶ್ನೆ ಕೇಳಾವ್ರು ಯಾರ್ರೀ?"

"ನಾನ."

"ಉತ್ತರ ಬರಿಯಾವ್ರು?"

"ನಾನ."

"ಮಾರ್ಕು ಹಾಕಾವ್ರೂ ನೀವ. ಮತ್ತ ಒಂಬತ್ತು ಯಾಕ ಕಡಿಮಿ ಬಿದ್ದೂವು?"

"ಪಕ್ಷಪಾತ ಆಗಬಾರದಲ್ಲ!" ಎಂದೆ.

ಅಷ್ಟರಲ್ಲಿ ಮುಂಡಗೋಡದಲ್ಲಿ ನಾದಿನಿಯ ಲಗ್ನ ಗೊತ್ತಾಯಿತು. ಎಂಟು ದಿನದ ರಜೆ ಬೇಕು. ಎಲ್ಲರ ಅರ್ಜಿಗಳನ್ನೂ ಬರೆದುಕೊಡುತ್ತಿದ್ದ ಹೆಡ್‌ಕ್ಲಾರ್ಕ್ ಕಾಮತರು ಕೆಲಸದ ಮೇಲೆ ಕ್ಯಾಸಲ್‌ರಾಕಿಗೆ ಹೋಗಿದ್ದರು. "ಅವರು ಬರೂತನಾ ತಡೀರಿ" ಎಂದಳು ಗಂಗವ್ವ. ತೊಂಬತ್ತೊಂದು ಮಾರ್ಕಿನವನು ತಡೆಯುವುದೇ?

ರಜೆಗೆ 'ಲೀವ್' ಎನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾದಿನಿಗೆ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಆದ್ದರಿಂದ ಲಗ್ನದ ವಿಷಯವನ್ನೇ ಕೈಬಿಟ್ಟೆ. ದೊಡ್ಡವರಿಗೆ ಚುಟುಕಾಗಿ ಬರೆಯಬೇಕೆಂದು ಪುಸ್ತಕವೂ ಹೇಳಿತ್ತು. ಒಂದೇ ಸಾಲು ಬರೆದೆ: 'ಆಯ್ ವಿಶ್ ಟು ಲೀವ್ ಯುವರ್ ಸರ್ವಿಸ್ ಫ್ರಮ್ ಮಂಡೇ.' ತಮ್ಮ ಸೇವೆಯಿಂದ ಸೋಮವಾರದಿಂದ ರಜೆ ಬಯಸುತ್ತೇನೆ! ಎಷ್ಟು ವಿನಯ! ಮೂರು ಸಲ ತಿದ್ದಿ ನೋಡಿದೆ. ಒಂದೂ ತಪ್ಪು ಸಿಗಲಿಲ್ಲ.

ಸಂಜೆಯೇ ಸಾಹೇಬರ ಉತ್ತರ ಬಂತು: 'ಅಕ್ಸೆಪ್ಟೆಡ್ ವಿಥ್ ರಿಗ್ರೆಟ್.'

ಮೊದಲ ಶಬ್ದದ ಅರ್ಥ 'ಒಪ್ಪಿದೆ.' ಕೊನೆಯದು ನಾನು ಓದಿದ ಪಾಠಗಳಲ್ಲಿರಲಿಲ್ಲ. ಬುದ್ಧಿ ಓಡಿಸಿದೆ. 'ಗ್ರೇಟ್' ಅಂದರೆ ದೊಡ್ಡದು. ಅದಕ್ಕೆ ಮುಂದೆ 'ರಿ' ಹಚ್ಚಿದ್ದಾರೆ. "ಭಾಳ ದೊಡ್ಡ ಮನಸ್ಸಿನಿಂದ ಒಪ್ಪ್ಯಾರ" ಎಂದು ಗಂಗವ್ವನಿಗೆ ಹೇಳಿದೆ.

"ಸಾಹೇಬರು ನಿಮಗ ರೀ ಹಚ್ಚಿ ಮಾತಾಡ್ಯಾರ?" ಅವಳ ಕಣ್ಣು ಅರಳಿದವು.

ಮುಂಡಗೋಡದ ಲಗ್ನದಲ್ಲಿ ನನ್ನ ಮರ್ಯಾದೆ ಏನು ಹೇಳಲಿ! ಮಾವನವರು ಆ ಚೀಟಿಯನ್ನು ಬೀಗರಿಗೆಲ್ಲ ತೋರಿಸಿದರು. ನನಗೆ ಜರಿಯ ರುಮಾಲು ಸುತ್ತಿದರು. ಪಂಕ್ತಿಯಲ್ಲಿ ಮದುಮಗನಿಗಿಂತ ಒಂದು ಹೋಳಿಗೆ ನನಗೇ ಹೆಚ್ಚು ಬಿತ್ತು.

ಎಂಟು ದಿನದ ಮೇಲೆ ಕಚೇರಿಗೆ ಬಂದರೆ ನನ್ನ ಕುರ್ಚಿಯಲ್ಲಿ ಹೊಸ ಕಾರಕೂನ, ಹಳಿಯಾಳದ ಹಸನಸಾಬರು ಕೂತಿದ್ದರು.

"ಯಾರ್ ಬೇಕಾಗಿತ್ರೀ?" ಎಂದು ನಯವಾಗಿ ಕೇಳಿದರು.

"ಯಾರೂ ಬ್ಯಾಡ. ಆ ಕುರ್ಚಿ ಬೇಕಾಗೇತಿ. ಅದು ನಂದು!"

"ಅದರಾಗ ಇದ್ದಾವ್ರು ನೌಕರಿ ಬಿಟ್ಟಾರಂತಲ್ರೀ. ಪಾಪ, ಏನ್ ಕಷ್ಟ ಬಂದಿತ್ತೋ!"

ಒಳಗಿನಿಂದ ಕಾಮತರು ಬಂದು ನನ್ನ ಅರ್ಜಿಯನ್ನು ಮುಂದೆ ಹಿಡಿದರು.

"ಕಲ್ಲಪ್ಪಾ, ಚಾಕರಿ ಬಿಡ್ತೇನಿ ಅಂತ ಬರದೀರಲ್ರೀ! ಸಾಹೇಬರು 'ವಿಷಾದದಿಂದ ಒಪ್ಪೇನಿ' ಅಂದಾರ."

"ಅಯ್ಯೋ, ರಜಾ ಕೇಳಿದ್ನಿರೀ! ನನ್ನ ಇಂಗ್ಲಿಷ್ ಅಷ್ಟು ಕೆಟ್ಟಿತ್ತೇನ್ರೀ?"

"ಕೆಟ್ಟಿದ್ರ ಉಳೀತಿದ್ರಿ! ಒಂದರ ತಪ್ಪಿದ್ರ ಸಾಹೇಬರಿಗೆ ಸಂಶಯ ಬರ್ತಿತ್ತು. ಒಂದಕ್ಷರ ತಪ್ಪಿಲ್ದಂಗ ಬರದೀರಿ!"

ಜೀವಮಾನದಲ್ಲಿ ನನ್ನ ಇಂಗ್ಲಿಷಿಗೆ ಬೇರೊಬ್ಬರಿಂದ ಸಿಕ್ಕ ಪ್ರಶಂಸೆ ಅದೊಂದೇ. ಅದಕ್ಕೆ ನೌಕರಿಯೇ ಹೋಗಬೇಕಾಯಿತು!

ಕಾಮತರು ನನ್ನನ್ನು ಸಾಹೇಬರ ಮುಂದೆ ನಿಲ್ಲಿಸಿ ಎಲ್ಲ ವಿವರಿಸಿದರು. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ನಕ್ಕರು, ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಕುರ್ಚಿ ಹಸನಸಾಬರಿಗೇ ಉಳಿಯಿತು. ನನಗೆ ಹೊರಗೆ ಬಿಸಿಲಿನಲ್ಲಿ ದಿಮ್ಮಿಗಳ ಮೇಲೆ ನಂಬರು ಬರೆಯುವ ಕೆಲಸ ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ ಎಂದು ಕೈಮುಗಿದೆ.

ಆದರೆ ಮರಳಿ ಸೇರಲು ಹೊಸ ಅರ್ಜಿ ಬೇಕಿತ್ತು. ಅದನ್ನು ಕಾಮತರೇ ಬರೆದು, "ನೀವು ಸಹಿ ಅಷ್ಟ ಮಾಡ್ರಿ. ಕನ್ನಡದಾಗ" ಎಂದರು. ಅದೇನು ಮಹಾ! ಗತ್ತಿನಿಂದ ಸಹಿ ಹಾಕಿ ಕೊಟ್ಟೆ.

ಕಾಮತರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಆಮೇಲೆ ಕೆಂಪು ಶಾಯಿಯ ಟಾಕು ಎತ್ತಿಕೊಂಡರು. ಗತ್ತಿನ ಭರದಲ್ಲಿ ನನ್ನ ಹೆಸರಿನ ಒತ್ತಕ್ಷರ ಎರಡನ್ನೂ ಬಿಟ್ಟು 'ಕಲಪ' ಎಂದು ಬರೆದಿದ್ದೆ!