ಸೈಕಲ್ ಕದ್ದ ಓಟಗಾರ

ಎಪ್ಪತ್ತರ ದಶಕದಲ್ಲಿ ಅಪ್ಪ ಚನ್ನಗಿರಿಯ ಸಬ್‌ಜೈಲು ನೋಡಿಕೊಳ್ಳುತ್ತಿದ್ದರು. ನಮ್ಮ ಕ್ವಾರ್ಟರ್ಸ್ ಕಿಟಕಿಗೆ ಜೈಲಿನ ಅಂಗಳವೇ ಕಾಣುತ್ತಿತ್ತು. ಕಾನ್ವೆಂಟ್ ಮುಗಿಸಿ ಬಂದ ನನಗೆ ಜನರೆದುರು ಮಾತು ಹೊರಡುತ್ತಿರಲಿಲ್ಲ. ನೋಡಲು ಮಾತ್ರ ದಿನಕ್ಕೊಂದು ತಮಾಷೆ ಸಿಗುತ್ತಿತ್ತು. ಒಮ್ಮೆ ಮೂರು ತಿಂಗಳಂತೂ ಎಲ್ಲವೂ ಒಬ್ಬ ಕೈದಿಯದೇ.

೧. ಕೇಸು

ಕತ್ತಲಗೆರೆ ಕಡೆಯ ಆಸಾಮಿ. ಕೋಳಿ ಕದ್ದು ಓಡಿದರೆ ಊರೇ ಬೆನ್ನತ್ತಿದರೂ ಸಿಕ್ಕವನಲ್ಲ. ಸೈಕಲ್ ಕದ್ದು ಸಿಕ್ಕಿಬಿದ್ದಿದ್ದ. ಅದು ಹೆಂಗೆ ಎಂದು ಅಪ್ಪ ಕೇಳಿದರೆ ತಲೆ ತಗ್ಗಿಸಿದ.

“ಹೊತ್ಕೊಂಡು ಓಡಬೇಕಿತ್ತು ಸಾರ್. ಸೈಕಲ್ ಹೊಡೆಯಾಕೆ ಬರಲ್ಲ, ಆದ್ರೂ ಹತ್ತಿಬಿಟ್ಟೆ.”

೨. ತಾಲೀಮು

ತಾಲೂಕು ಕ್ರೀಡಾಕೂಟದಲ್ಲಿ ಅವನನ್ನು ಓಡಿಸುವ ಆಸೆ ಅಪ್ಪನಿಗೆ ಹುಟ್ಟಿತು. ಅವನಿಗೂ ಬೇಕಿತ್ತು. ಹೊತ್ತು ಮುಳುಗಿದ ಮೇಲೆ ಎಂದೂ ಮನೆಯಲ್ಲಿರದ ಗಂಡ ಸಾಕೆನಿಸಿ ಹೆಂಡತಿ ತ್ಯಾವಣಿಗೆಯ ತವರು ಸೇರಿದ್ದಳು. ಕಪ್ ಗೆದ್ದರೆ ವಾಪಸ್ ಬಂದಾಳು ಎಂದು ಅವನ ನಂಬಿಕೆ.

ಆದರೆ ಕೈದಿ ಹೊರಗೆ ಬಂದರೆ ಬೇಡಿಯ ಹಗ್ಗ ವಾರ್ಡರ್ ಕೈಯಲ್ಲಿರಬೇಕು. ಹಾಗಾಗಿ ದಿನಾ ಬೆಳಗ್ಗೆ ಕೈದಿ ಮುಂದೆ, ಡೊಳ್ಳು ಹೊಟ್ಟೆಯ ವಾರ್ಡರ್ ಹಿಂದೆ. ಮೂರನೇ ದಿನಕ್ಕೆ ವಾರ್ಡರ್, ಸೈಕಲ್ ಮೇಲೆ ಬರುತ್ತೇನೆಂದು ಬೇಡಿಕೊಂಡ.

ಅಪ್ಪ ಗಂಭೀರವಾಗಿ, “ಅವನ ಮುಂದೆ ಸೈಕಲ್ ತರಬ್ಯಾಡಪ್ಪ, ಅದೇ ಅವನ ಕೇಸೈತೆ” ಅಂದರು.

೩. ಓಟ

ಕೂಟದ ದಿನ ಅಪ್ಪ ತಮ್ಮ ಜವಾಬ್ದಾರಿಯ ಮೇಲೆ ಬೇಡಿ ಬಿಚ್ಚಿಸಿದರು. ಸಂಜೆ ಆರರ ಎಣಿಕೆಗೆ ಕೈದಿ ಒಳಗಿರದಿದ್ದರೆ ಅವರ ಕೆಲಸಕ್ಕೇ ಸಂಚಕಾರ. ಅಧ್ಯಕ್ಷರ ಭಾಷಣ ಬೆಳೆದು ಓಟ ಶುರುವಾದಾಗ ಐದೂ ಮುಕ್ಕಾಲು. ಅವನ ಹೆಂಡತಿಯೂ ಬಂದು ನನ್ನ ಪಕ್ಕ ನಿಂತಿದ್ದಳು.

ಅವನು ಎಲ್ಲರಿಗಿಂತ ಮುಂದೆ ಬಂದು ದಾರ ಹರಿದ. ಆದರೆ ನಿಲ್ಲಲಿಲ್ಲ, ಮೈದಾನ ದಾಟಿ ರಸ್ತೆಗೆ ಬಿದ್ದ. ಕೈದಿ ಪರಾರಿ ಎಂದು ಗದ್ದಲವೆದ್ದಿತು. ಸೀಟಿ ಊದುತ್ತಾ ವಾರ್ಡರ್, ಹಿಂದೆ ಅಪ್ಪ, ಕಪ್ ಹಿಡಿದ ಅಧ್ಯಕ್ಷರು, ಸೋತ ಓಟಗಾರರು, ಕೊನೆಗೆ ನಾವಿಬ್ಬರು.

ಹೋಗಿ ನೋಡಿದರೆ ಅವನು ಜೈಲಿನ ಬಾಗಿಲು ಬಡಿಯುತ್ತಿದ್ದಾನೆ. ಸಾಹೇಬರಿಲ್ಲದೆ ತೆಗೆಯಲ್ಲ ಎಂದು ಒಳಗಿನ ವಾರ್ಡರ್ ಹಟ ಹಿಡಿದಿದ್ದ. ಏದುಸಿರು ಬಿಡುತ್ತಿದ್ದ ಅಪ್ಪನನ್ನೇ ಕೈದಿ ಗದರಿದ: “ಎರಡೇ ನಿಮಿಷ ಐತೆ, ತೆಗೆಸ್ರಿ ಸಾರ್. ನಿಮ್ಮ ಕೆಲಸ ಹೋಗ್ತೈತೆ.”

ಒಳಗೆ ಹೋದ, ಬೀಗ ಬಿತ್ತು. ಅಧ್ಯಕ್ಷರು ಸರಳುಗಳ ಸಂದಿಯಿಂದ ಕಪ್ ಕೊಡಲು ನೋಡಿದರು, ತೂರಲಿಲ್ಲ. ಹೆಂಡತಿ ಕಪ್ಪಿನ ಕಡೆ ತಿರುಗಿಯೂ ನೋಡದೆ ಅಪ್ಪನ ಹತ್ತಿರ ಹೋದಳು.

“ಹೊತ್ತು ಮುಳುಗೋದ್ರೊಳಗೆ ಮನೀಗೆ ಬಾ ಅಂತ ಹತ್ತು ವರ್ಷ ಬಡ್ಕೊಂಡೆ. ಈ ಬೀಗ ಯಾವ ಅಂಗಡ್ಯಾಗೆ ತಂದ್ರಿ ಅಣ್ಣಾರೆ? ಇವರು ಬಿಡುಗಡೆ ಆಗೋದ್ರಾಗೆ ನಮ್ಮನೀಗೂ ಒಂದು ಹಾಕ್ಸಿರ್ತೀನಿ.”