ಸದ್ದು ಮಾಡಬೇಡಿ, ಸೌತೆಕಾಯಿ ಇದೆ

ನಮ್ಮ ಮನೆಯಲ್ಲಿ ನನ್ನ ಗಂಡನಿಗೂ ಸಿಗದ ಮರ್ಯಾದೆ ಒಂದು ಸೌತೆಕಾಯಿಗೆ ಸಿಗುತ್ತದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಗಂಡ ಅಂಗಡಿಯಿಂದ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸೌತೆಕಾಯಿ ಒಂದು ಗೇಣು ಸರಿದರೆ ಮನೆಮಂದಿಯೆಲ್ಲ ಗಾಜಿನ ಮುಂದೆ ಹಾಜರು. ಇದು ಕೋಸಂಬರಿಗೆ ಹೆಚ್ಚುವ ಸೌತೆಕಾಯಿಯಲ್ಲ, ಕಡಲ ಸೌತೆಕಾಯಿ. ಸಮುದ್ರದ ತಳದಲ್ಲಿ ಮರಳು ತಿಂದುಕೊಂಡು, ಮರಳನ್ನೇ ಹೊರಹಾಕಿಕೊಂಡು, ಯಾರ ಗೊಡವೆಗೂ ಹೋಗದೆ ಬಿದ್ದಿರುವ ಪ್ರಾಣಿ. ಸಮುದ್ರಕ್ಕೂ ನಮ್ಮ ಕೊಟ್ಟೂರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಲ್ಲಿಯಲ್ಲಿ ಸಿಹಿನೀರು ಬಂದರೆ ಹಬ್ಬ ಮಾಡುವ ಊರಿನಲ್ಲಿ, ಶುದ್ಧ ಮಾಡಿದ ನೀರಿಗೆ ನಾನು ಕೈಯಾರೆ ಉಪ್ಪು ಬೆರೆಸುತ್ತೇನೆ ಎಂಬುದು ನಮ್ಮ ಓಣಿಯ ಹೆಂಗಸರಿಗೆ ಇನ್ನೂ ಅರಗಿಲ್ಲ.

ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಅಧಿಕಾರಿಯೊಬ್ಬರಿಗೆ ವರ್ಗವಾದಾಗ ಅವರ ಹೆಂಡತಿ ಶೈಲಜಾ ತಮ್ಮ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ನನಗೆ ಗಂಟುಹಾಕಿದರು. "ಲಾರಿಯಲ್ಲಿ ಒಯ್ದರೆ ಇವೆಲ್ಲ ಸಾಯ್ತವೆ. ನೀವು ವಿಜ್ಞಾನದ ಟೀಚರ್, ನೀವೇ ಸಾಕಿ" ಎಂದರು. ಹೊಗಳಿಕೆಗೆ ನಾನು ಬೇಗ ಸೋಲುತ್ತೇನೆ. ಒಂದಿಷ್ಟು ಹವಳ, ಕಲ್ಲು, ಎರಡು ಕಿತ್ತಳೆ ಬಣ್ಣದ ಕೋಡಂಗಿ ಮೀನು ನಮ್ಮ ಪಡಸಾಲೆಗೆ ಬಂದವು. ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಅತ್ತೆ ಗೌರಮ್ಮ ಅಡುಗೆಮನೆಗೆ ಬಂದು, "ಪಾರವ್ವಾ, ಉಪ್ಪುನೀರಾಗ ಬದ್ನಿಕಾಯಿ ಹಾಕೀಯಲ್ಲ, ಉಪ್ಪಿನಕಾಯಿ ಮಾಡೀಯೇನು?" ಎಂದು ಕೇಳಿದರು. ಹೋಗಿ ನೋಡಿದರೆ ಕಲ್ಲಿನ ಸಂದಿಯಿಂದ ಕಂದು ಬಣ್ಣದ್ದೇನೋ ಅರ್ಧ ಹೊರಗೆ ಬಂದು ಮರಳು ಮುಕ್ಕುತ್ತಿತ್ತು.

ಶೈಲಜಾಗೆ ಫೋನ್ ಮಾಡಿದೆ. "ಅಯ್ಯೋ, ಅದು ಬದುಕಿದೆಯಾ! ಕಲ್ಲಿನ ಜೊತೆ ತಾನಾಗೇ ಬಂದಿತ್ತು. ಆಮೇಲೆ ಕಾಣಲೇ ಇಲ್ಲ, ಸತ್ತಿದೆ ಅಂದ್ಕೊಂಡಿದ್ವಿ" ಎಂದು ಸಂತೋಷಪಟ್ಟು, ಅದೇ ಉಸಿರಿನಲ್ಲಿ ನನ್ನ ಸಂತೋಷವನ್ನು ಕಿತ್ತುಕೊಂಡರು. ಅದು ಹೆದರಿದರೆ ತನ್ನ ಕರುಳನ್ನೇ ಹೊರಗೆ ಉಗುಳುತ್ತದಂತೆ. ನೀರು ಎಳೆಯುವ ಪಂಪಿನ ಬಾಯಿಗೆ ಸಿಕ್ಕಿ ಗಾಯವಾದರೆ ಅದರ ಮೈಯ ವಿಷ ನೀರಿಗೆ ಸೇರಿ ಮೀನುಗಳೂ ಸಾಯಬಹುದಂತೆ. ಹಾಗಾಗಿ ಪಂಪಿನ ಬಾಯಿಗೆ ಸದಾ ಸ್ಪಂಜು ಕಟ್ಟಿರಬೇಕು, ಮರಳನ್ನು ಉಜ್ಜಿ ತೊಳೆಯಬಾರದು, ಏಕೆಂದರೆ ಅದರ ಊಟ ಇರುವುದೇ ಅಲ್ಲಿ. ಯಾರಿಗಾದರೂ ಕೊಟ್ಟುಬಿಡೋಣವೆಂದರೆ, ಕಾನೂನಿನ ಪ್ರಕಾರ ಅದು ಸಂರಕ್ಷಿತ ವನ್ಯಜೀವಿಯಂತೆ, ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಡುವಂತಿಲ್ಲ.

"ಅಂದ್ರ ಗುಡೇಕೋಟಿ ಕರಡಿಧಾಮದ ಕರಡಿ ಇದ್ದಂಗನು?" ಎಂದು ನನ್ನ ಗಂಡ ಕೊಟ್ರೇಶ ಎರಡು ಹೆಜ್ಜೆ ಹಿಂದೆ ಸರಿದ. ಮೋಟಾರು ಪೈಪಿನ ಅಂಗಡಿ ಇಟ್ಟಿರುವ ಅವನು ಯಾವುದಕ್ಕೂ ಹೆದರುವವನಲ್ಲ. ಅಂದಿನಿಂದ ಮಾತ್ರ ತೊಟ್ಟಿಯ ಮುಂದೆ ಲುಂಗಿ ಇಳಿಬಿಟ್ಟು ನಡೆಯತೊಡಗಿದ. ನಾನು ಸುಮ್ಮನಿರಲಾರದೆ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಸೌತಿಕಾಯಿ ಅಂದ್ರ ತೋಟಗಾರಿಕಿಯೋರಿಗೆ ಕೇಳ್ರಿ ಮೇಡಂ" ಎಂದು ಅವರು ಫೋನ್ ಇಟ್ಟರು. ಸಾಕುವುದೊಂದೇ ದಾರಿಯಾಯಿತು.

ಟೀಚರ್ ಕೈಗೆ ಜೀವ ಸಿಕ್ಕರೆ ಮೊದಲು ನಿಯಮ ಹುಟ್ಟುತ್ತದೆ. ಪಡಸಾಲೆಯಲ್ಲಿ ಊದುಬತ್ತಿ ಹಚ್ಚಬಾರದು, ಗಾಜು ಬಡಿಯಬಾರದು, ಎಲ್ಲಕ್ಕಿಂತ ಮುಖ್ಯವಾಗಿ ದೊಡ್ಡ ದನಿಯಲ್ಲಿ ಮಾತಾಡಬಾರದು. ಅದಕ್ಕೆ ಕಿವಿಯೇ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮನೆ ಶಾಂತವಾಗಿರುವುದು ನನಗೆ ಹಿತವಾಗಿತ್ತು. ಉಜ್ಜಿನಿಯ ನಮ್ಮ ಹೊಲದಲ್ಲಿ ನಿಂತು ಕೂಗಿದರೆ ಹಳ್ಳದ ಆಚೆ ದಂಡೆಗೆ ಕೇಳುವ ಗಂಟಲು ನಮ್ಮ ಅತ್ತೆಯದು. ಅವರು ಪಾಪ ಪಿಸುಗುಟ್ಟಲು ಕಲಿತರು. ಮಧ್ಯಾಹ್ನ ಟಿ.ವಿ. ಬಿಟ್ಟು ತೊಟ್ಟಿಯ ಮುಂದೆ ಕೂರತೊಡಗಿದರು. "ಮಣ್ಣು ತಿಂದು ಬದುಕ್ತೈತಿ, ಉಪ್ಪು ಕಮ್ಮಿ ಅಂತ ಒಂದಿನ ಅಂದಿಲ್ಲ" ಎಂದು ಮಗನ ಕಡೆ ನೋಡಿ ಪಿಸುಗುಟ್ಟುತ್ತಿದ್ದರು.

ಒಂದು ಭಾನುವಾರ ಸ್ಪಂಜಿಗೆ ಪಾಚಿ ಕಟ್ಟಿದೆಯೆಂದು ಬಿಚ್ಚಿ ತೊಳೆಯಲು ಹಿತ್ತಲಿಗೆ ಒಯ್ದೆ. ಪಂಪು ನಿಲ್ಲಿಸಬೇಕೆಂಬುದು ಹೊಳೆಯಲಿಲ್ಲ. ಅಷ್ಟರಲ್ಲಿ ಹಡಗಲಿಯಿಂದ ಗೆಳತಿಯೊಬ್ಬಳ ಫೋನ್ ಬಂತು. ಅವಳೂ ಮೀನು ಸಾಕಲು ಶುರುಮಾಡಿದ್ದಳು, ಸಲಹೆ ಕೇಳಿದಳು. ಸಲಹೆ ಕೇಳಿದವರನ್ನು ನಾನು ಬೇಗ ಬಿಡುವುದಿಲ್ಲ. ಪ್ರಾಣಿಗಳ ಸುರಕ್ಷತೆಯ ಬಗ್ಗೆ ವಿಸ್ತಾರವಾಗಿ ಹೇಳುತ್ತಿದ್ದಾಗ ಅತ್ತೆ ತುದಿಗಾಲಲ್ಲಿ ಬಂದು "ಪಾರವ್ವಾ..." ಎಂದು ಉಸುರಿದರು. ತಾಳಿ ಎಂದು ಕೈಸನ್ನೆ ಮಾಡಿದೆ. ಅವರು ಒಳಗೆ ಹೋಗಿ ನೋಡಿ ಮತ್ತೆ ಬಂದು, ಒಂದು ಅಂಗೈಯನ್ನು ಇನ್ನೊಂದರ ಮೇಲೆ ಸರಿಸಿ ಸರಿಸಿ ತೋರಿಸಿದರು. ರೊಟ್ಟಿ ವಿಚಾರವೆಂದುಕೊಂಡು, "ಜ್ವಾಳದ ಹಿಟ್ಟು ಡಬ್ಬಿಯಾಗ ಐತ್ರಿ" ಎಂದೆ. ಅತ್ತೆ ನನ್ನನ್ನೊಮ್ಮೆ, ಪಡಸಾಲೆಯನ್ನೊಮ್ಮೆ ನೋಡಿದರು. ತಿಂಗಳುಗಟ್ಟಲೆ ಅದುಮಿಟ್ಟಿದ್ದ ದನಿ ಒಮ್ಮೆಲೇ ಕಿತ್ತುಕೊಂಡು ಬಂತು.

"ಲೇ! ಸೌತಿಕಾಯಿ ಮೋಟ್ರಿನ ಬಾಯಾಗ ಹೊಂಟೈತಲೇ!"

ಬೀದಿಯಲ್ಲಿ ಬೈಕು ಒರೆಸುತ್ತಿದ್ದ ಕೊಟ್ರೇಶ ಓಡಿಬಂದು ಪ್ಲಗ್ ಕಿತ್ತ. ಸೌತೆಕಾಯಿಯ ಒಂದು ತುದಿ ಪಂಪಿನ ಜಾಲರಿಗೆ ಅಂಟಿ ಉದ್ದವಾಗಿತ್ತು. ನಾನು ಎಳೆಯಲು ಹೋದಾಗ ಕೊಟ್ರೇಶ ಕೈ ಹಿಡಿದ: "ಜಗ್ಗಬ್ಯಾಡ, ಅದಾ ಬಿಡ್ತೈತಿ." ಅದು ಮೆಲ್ಲಗೆ ಬಿಟ್ಟುಕೊಂಡು ಕೆಳಗೆ ಬಿತ್ತು. ನಾವು ಉಸಿರುಬಿಟ್ಟೆವು. ಅದು ಉಸಿರುಬಿಡುವ ಬದಲು ಶಾವಿಗೆಯಂಥ ಬಿಳಿ ಎಳೆಗಳನ್ನೆಲ್ಲ ಹೊರಗೆ ಬಿಟ್ಟಿತು.

"ಅಯ್ಯೋ ಶಿವನ, ಹಡದೈತಿ!" ಎಂದರು ಅತ್ತೆ.

"ಕರುಳುರೀ ಅದು!" ಎಂದು ನಾನು ಅಳುವ ದನಿಯಲ್ಲಿ ಕೂಗಿದೆ. ಆಮೇಲೆ ಯಾರೂ ಪಿಸುಗುಟ್ಟಲಿಲ್ಲ. ಬೆರೆಸಿಟ್ಟಿದ್ದ ಉಪ್ಪುನೀರನ್ನು ಬಕೆಟ್ಟಿಗೆ ಸುರಿದು ಮೀನುಗಳನ್ನು ಅದಕ್ಕೆ ದಾಟಿಸಿದೆ. ಕೊಟ್ರೇಶ ಅಂಗಡಿಯಿಂದ ಪೈಪು ತಂದು ತೊಟ್ಟಿಯ ನೀರನ್ನು ಅಂಗಳಕ್ಕೆ ಬಿಟ್ಟ. ನಾನು ಆ ಎಳೆಗಳನ್ನು ಬಾಚಿ ತೆಗೆದು, ವಿಷ ಹೀರುವ ಇದ್ದಿಲಿನ ಚೀಲ ಇಳಿಸಿ, ಹೊಸ ನೀರು ತುಂಬಿದೆ. ಕೋಡಂಗಿಗಳು ಬಕೆಟ್ಟಿನಲ್ಲಿ ಸುಮ್ಮನೆ ನಿಂತಾಗಲೆಲ್ಲ ನನ್ನ ಎದೆಯೂ ನಿಲ್ಲುತ್ತಿತ್ತು. ಸಂಜೆಗೆ ಅವು ಕಾಳಿಗಾಗಿ ಜಗಳಾಡಿದವು, ಬದುಕಿದೆವು ಎಂದುಕೊಂಡೆ.

ಸೌತೆಕಾಯಿ ಮಾತ್ರ ಮುದುಡಿ, ಹಳೆಯ ಉಪ್ಪಿನಕಾಯಿಯ ಹೋಳಿನಂತೆ ಮೂಲೆಯಲ್ಲಿ ಬಿದ್ದಿತ್ತು. ಹೋದ ಕರುಳು ಮತ್ತೆ ಬೆಳೆಯುತ್ತದೆ, ಕಾಯಿರಿ ಎಂದು ಶೈಲಜಾ ಹೇಳಿದರು. ಕಾದೆವು. ಅತ್ತೆ ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರಳು ತಿನ್ನದೆ, ಮರಳು ಬಿಡದೆ ಅದು ಬಿದ್ದಿರುವುದನ್ನು ನೋಡುತ್ತ ವಾರಗಳೇ ಹೋದವು.

ಒಂದು ಸಂಜೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಮಗಳ ಮದುವೆಗೆ ಕರೆಯಲು ಬಂದರು. ಒಳಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟಿದ್ದೆ. ಗಂಭೀರ ಮನುಷ್ಯರು. ಮದುವೆಯ ಮುಹೂರ್ತ ಹೇಳುತ್ತಿರುವಾಗ ಪಡಸಾಲೆಯಿಂದ ಓಣಿಗೆಲ್ಲ ಕೇಳುವಂತೆ ಅತ್ತೆಯ ದನಿ ಬಂತು: "ಪಾರವ್ವಾ, ಬಾರವ್ವಾ! ಹೇತೈತಿ!"

ನಾನು ಲೋಟ ಕೆಡವಿಕೊಂಡು ಓಡಿದೆ. ಸೌತೆಕಾಯಿಯ ಹಿಂದೆ ಮುತ್ತಿನ ಸರದಂತೆ ಪುಟ್ಟ ಮರಳಿನ ಎಳೆ ಬಿದ್ದಿತ್ತು. ಅತ್ತೆಯನ್ನು ತಬ್ಬಿಕೊಂಡು ಗಳಗಳ ಅತ್ತುಬಿಟ್ಟೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತಿದ್ದರು. "ಎಷ್ಟು ವಾರ ಆಗಿತ್ರೀ ಸಾರ್, ನೋಡ್ರಿ, ನೋಡ್ರಿ" ಎಂದು ಕಣ್ಣೊರೆಸಿಕೊಳ್ಳುತ್ತ ಗಾಜಿನ ಕಡೆ ಬೆರಳು ತೋರಿಸಿದೆ. ಅವರು ನೋಡಿದರು, ತೊಟ್ಟಿಯನ್ನಲ್ಲ, ನನ್ನನ್ನು.

ಮರುದಿನ ಶಾಲೆಯಲ್ಲಿ ತಮ್ಮ ಕೋಣೆಗೆ ಕರೆದು, ಕುರ್ಚಿ ತೋರಿಸಿ, ತುಂಬಾ ಮೆತ್ತಗೆ ಹೇಳಿದರು: "ಮೇಡಂ, ಒಂದೀಟು ದಿನ ರಜಾ ತಗೊಳ್ರಿ. ಅರ್ಜಿ ಆಮ್ಯಾಲೆ ಕೊಟ್ರಾತು."